ಮನೆಯಲ್ಲೇ ಓದು ಕಲಿಸುವ ಕಿಟ್: ಭರವಸೆ ದುಬಾರಿ, ಪುರಾವೆ ವಿರಳ

ಗೋಕಾಕ: ಕೆಲವೇ ವಾರಗಳಲ್ಲಿ ಮಗು ಸರಾಗವಾಗಿ ಓದುತ್ತದೆ ಎಂಬ ಭರವಸೆಯೊಂದಿಗೆ ಕಿಟ್, ಆ್ಯಪ್‌ಗಳನ್ನು ಮಾರುವ ಉದ್ಯಮಕ್ಕೆ ಈಗ ಮಹಾನಗರಗಳಷ್ಟೇ ಮಾರುಕಟ್ಟೆಯಲ್ಲ. ಮೊಬೈಲ್ ಇರುವ ಗೋಕಾಕ, ಮೂಡಲಗಿ, ಹುಕ್ಕೇರಿಯ ಪಾಲಕರೂ ಅದರ ಗ್ರಾಹಕರೇ. ಆದರೆ ಹಣ ತೆರುವ ಮುನ್ನ ಕೇಳಬೇಕಾದ ಪ್ರಶ್ನೆಗಳಿವೆ.

ಪಾಲಕರ ಆತಂಕ ನಿರಾಧಾರವಲ್ಲ. ‘ಅಸರ್’ ಗ್ರಾಮೀಣ ಸಮೀಕ್ಷೆಯಂತೆ, ಎರಡನೇ ತರಗತಿಯ ಪಠ್ಯ ಓದಬಲ್ಲ ಮೂರನೇ ತರಗತಿ ಮಕ್ಕಳ ಪ್ರಮಾಣ ದೇಶದಲ್ಲಿ 2022ರಲ್ಲಿ ಶೇ 20.5ಕ್ಕೆ ಕುಸಿದಿತ್ತು, 2024ರಲ್ಲಿ ಶೇ 27.1ಕ್ಕೆ ಚೇತರಿಸಿತು. ಈ ಕೊರತೆಯೇ ಉದ್ಯಮದ ಬಂಡವಾಳ.

ಅಮೆರಿಕದ ಅನುಭವ ಎಚ್ಚರಿಕೆ ನೀಡುತ್ತದೆ. ‘ಹುಕ್ಡ್ ಆನ್ ಫೋನಿಕ್ಸ್’ ಜಾಹೀರಾತುಗಳಿಗೆ ಆಧಾರವಿಲ್ಲವೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1994ರಲ್ಲಿ ಆಕ್ಷೇಪಿಸಿತು. ‘ಯುವರ್ ಬೇಬಿ ಕ್ಯಾನ್ ರೀಡ್’ ವಿರುದ್ಧ 2012ರಲ್ಲಿ ಕ್ರಮ ಜರುಗಿಸಿತು. 117 ಶಿಶುಗಳ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ಸಾಮಗ್ರಿ ಬಳಸಿದ ಶಿಶುಗಳು ಓದಲು ಕಲಿತಿರಲಿಲ್ಲ.

ನಮ್ಮಲ್ಲಿಯೂ ಪಾಠವಿದೆ. 2021ರಲ್ಲಿ ಮಕ್ಕಳ ಓದಿನ ವೇದಿಕೆ ‘ಎಪಿಕ್’ ಅನ್ನು 50 ಕೋಟಿ ಡಾಲರ್‌ಗೆ ಖರೀದಿಸಿದ್ದ ಬೆಂಗಳೂರಿನ ಬೈಜೂಸ್, 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಕಂಪನಿ ದೊಡ್ಡದೆಂಬುದು ಮುಂಗಡ ಹಣಕ್ಕೆ ಖಾತರಿಯಲ್ಲ. ಹಣ ತಾನಾಗಿ ಕಡಿತವಾಗುವ ವ್ಯವಸ್ಥೆ, ಅರಿವಿಲ್ಲದೆ ಹೆಗಲೇರುವ ಸಾಲದ ಬಗ್ಗೆ ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರ್‌ನಲ್ಲೇ ಎಚ್ಚರಿಸಿತ್ತು.

ಇನ್ನೊಂದು ಮೂಲಭೂತ ತೊಡಕಿದೆ. ಇಂಗ್ಲಿಷ್ ಫೋನಿಕ್ಸ್‌ನ ಕ್ರಮ ಕನ್ನಡಕ್ಕೆ ಹಾಗೆಯೇ ಒಗ್ಗದು. ‘ಹುಕ್ಕೇರಿ’ ಎಂಬ ಊರ ಹೆಸರು ಓದಲು ಮಗುವಿಗೆ ಮೂಲಾಕ್ಷರ ಸಾಲದು. ಕೊಂಬು, ದೀರ್ಘ, ಒತ್ತಕ್ಷರವೂ ತಿಳಿದಿರಬೇಕು. ಕನ್ನಡದ ಅಕ್ಷರ ಸಂಪತ್ತು ಮಗುವಿಗೆ ಪೂರ್ಣ ವಶವಾಗಲು ನಾಲ್ಕೈದು ತರಗತಿಗಳೇ ಬೇಕೆಂದು ಸೋನಾಲಿ ನಾಗ್ ಅವರ 2007ರ ಸಂಶೋಧನೆ ತೋರಿಸಿದೆ. ಹೀಗಿರುವಾಗ ವಾರಗಳ ಲೆಕ್ಕದ ಭರವಸೆ ನಂಬಲರ್ಹವಲ್ಲ.

ಎಲ್ಲ ಸಾಮಗ್ರಿಯೂ ನಿರರ್ಥಕವೆಂದಲ್ಲ. ಅಕ್ಷರ ಚೀಟಿ, ಚಿತ್ರಪುಸ್ತಕಗಳಿಂದ ಪ್ರಯೋಜನವಿದೆ. ಆದರೆ ಜತೆಗೆ ಕುಳಿತು ಓದಿಸುವ ಹಿರಿಯರಿರಬೇಕು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮವು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕಲ್ಪಿಸಿದೆ.

ಮೂರನೇ ತರಗತಿಯೊಳಗೆ ಪ್ರತಿ ಮಗುವಿಗೂ ಓದು ಬರಬೇಕೆಂಬ ‘ನಿಪುಣ ಭಾರತ’ದ ಗಡುವು 2026–27. ಆ ಹೊಣೆಯನ್ನು ಶಾಲೆ ನಿಭಾಯಿಸದಿದ್ದರೆ ಪಾಲಕರು ಮಾರಾಟಗಾರರ ಬಾಗಿಲಿಗೇ ಹೋಗುತ್ತಾರೆ. ಹಣವಿಲ್ಲದವರ ಮಕ್ಕಳು ಎಲ್ಲಿಗೆ ಹೋಗಬೇಕೆಂಬುದೇ ನಿಜವಾದ ಪ್ರಶ್ನೆ.