ಸ್ಪರ್ಧೆಗೆ ಎಂಥ ರಿವಾಲ್ವರು?

ಗುರಿಯ ಸ್ಪರ್ಧೆಗೆಂದು ರಿವಾಲ್ವರನ್ನು ಆರಿಸಹೊರಟ ತರುಣರು ಮೊದಲು ವಿಚಾರಿಸುವುದು ಗುಂಡಿನ ಗಾತ್ರವನ್ನು. ಈ ಕ್ರಮವು ಸರಿಯಲ್ಲವೆಂದು ನಾವು ಭಾವಿಸುತ್ತೇವೆ. ಕಾಗದದ ಗುರಿಯನ್ನು ಭೇದಿಸಲು 5.6 ಮಿಲಿಮೀಟರಿನ ಸಣ್ಣ ಗುಂಡೇ ಸಾಕು. ದೊಡ್ಡದರ ಒದೆತವನ್ನು ನೆನೆದು ಕೈಯು ಮುಂಚೆಯೇ ಅಳುಕುತ್ತದೆ.

ಗಮನಿಸಬೇಕಾದುದು, ಗುರಿಯಿಡಲು ನೆರವಾಗುವ ಮುಂದಿನ ಮೊನೆಗೂ ಹಿಂದಿನ ಸೀಳಿಗೂ ನಡುವೆ ಇರುವ ಅಂತರವನ್ನು. ಆ ಅಂತರ 100 ಮಿಲಿಮೀಟರಿದ್ದು, ಇವೆರಡರ ಹೊಂದಿಕೆ 0.2 ಮಿಲಿಮೀಟರಿನಷ್ಟು ತಪ್ಪಿತೆನ್ನೋಣ. 25 ಮೀಟರ್ ದೂರದಲ್ಲಿ ಗುಂಡು 50 ಮಿಲಿಮೀಟರ್ ಸರಿದು ಬೀಳುವುದು. ನಿಖರತೆಯ ಸುತ್ತಿನಲ್ಲಿ ಹತ್ತು ಅಂಕದ ವೃತ್ತದ ವ್ಯಾಸವೇ ಅಷ್ಟು! ಅಂತರವು 200 ಮಿಲಿಮೀಟರಾದರೆ ತಪ್ಪು ಅರ್ಧಕ್ಕಿಳಿಯುತ್ತದೆ. ಸಮರೂಪ ತ್ರಿಭುಜಗಳ ಸರಳ ಗಣಿತವಿದು.

ಆದುದರಿಂದ ನೀಳವಾದ ನಳಿಗೆ, ಅಂಗೈಗೆ ಒಪ್ಪುವ ಹಿಡಿ, ಕೈ ಕದಲದಂತೆ ಸೆಳೆಯಬಹುದಾದ ಟ್ರಿಗರು, ಇವೇ ಆಯ್ಕೆಯ ಮಾನದಂಡಗಳಾಗಲಿ. ಗುರಿಯ ಆಟದಲ್ಲಿ ಗೆಲ್ಲುವುದು ಬಲವಲ್ಲ, ಸ್ಥಿರತೆ.