ದೊಡ್ಡಾಸ್ಪತ್ರೆಗೆ ದನವನ್ನು ಯಾವಾಗ ಒಯ್ಯಬೇಕು?



ಊರಿನ ಡಾಕ್ಟರರ ಮದ್ದಿಗೆ ಬಗ್ಗದ ಕಾಯಿಲೆ ಮನೆಯವರಿಗೆ ಬಂದರೆ ನೀವು ಏನು ಮಾಡುತ್ತೀರಿ? ಕಾಪುವಿನವರಾಗಲಿ, ಕಾರ್ಕಳದವರಾಗಲಿ, ಚೀಟಿ ಹಿಡಿದು ಮಣಿಪಾಲದ ಬಸ್ಸು ಹತ್ತುತ್ತೀರಿ. ಅಲ್ಲಿ 1953ರಲ್ಲಿ ವೈದ್ಯಕೀಯ ಕಾಲೇಜು, 1961ರಲ್ಲಿ ಕಸ್ತೂರ್ಬಾ ಆಸ್ಪತ್ರೆ ಆರಂಭವಾದವು. ಕಲಿಯುವ ಹುಡುಗರು ಮಂಚದ ಸುತ್ತ ನಿಂತು ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳಿದರೂ ನಾವು ಉತ್ತರ ಹೇಳುತ್ತೇವೆ. ಅವರ ಹಿಂದೆ ಅನುಭವಿ ಪ್ರಾಧ್ಯಾಪಕರಿದ್ದಾರೆ, ಎಲ್ಲ ಪರೀಕ್ಷೆಗಳೂ ಒಂದೇ ಕಡೆ ಆಗುತ್ತವೆ ಎಂಬ ನಂಬಿಕೆ ನಮಗಿದೆ.

ಹಟ್ಟಿಯ ದನಕ್ಕೂ ಇಂಥದೇ ಆಸ್ಪತ್ರೆ ಉಂಟು. ಪಶುವೈದ್ಯರನ್ನು ತಯಾರು ಮಾಡುವ ಕಾಲೇಜು 1958ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಆರಂಭವಾಯಿತು. 2004ರ ಕಾಯ್ದೆಯಂತೆ ಬೀದರಿನಲ್ಲಿ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಬಂತು. ನಮ್ಮ ಉಡುಪಿ ಜಿಲ್ಲೆಯಲ್ಲಿ ಪಶುವೈದ್ಯ ಕಾಲೇಜಿಲ್ಲ. ಆದರೆ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿ ದಾಟಿದರೆ ಶಿವಮೊಗ್ಗದಲ್ಲಿ ಈ ವಿಶ್ವವಿದ್ಯಾಲಯದ ಕಾಲೇಜೂ ಅದರ ಬೋಧನಾ ಆಸ್ಪತ್ರೆಯೂ ಇವೆ. ಉಡುಪಿಯಿಂದ ಸುಮಾರು 150 ಕಿಲೋಮೀಟರ್ ದಾರಿ.

ಇಂಥ ಆಸ್ಪತ್ರೆಯಲ್ಲಿ ಮುಖ್ಯವಾಗಿ ಮೂರು ವಿಭಾಗಗಳು: ಔಷಧ, ಶಸ್ತ್ರಚಿಕಿತ್ಸೆ, ಪ್ರಸೂತಿ. ರಕ್ತ, ಸಗಣಿ, ಮೂತ್ರ, ಹಾಲುಗಳ ಪರೀಕ್ಷೆ, ಎಕ್ಸ್‌ರೇ, ಸ್ಕ್ಯಾನಿಂಗ್, ಹೊಟ್ಟೆ ಕೊಯ್ದು ತಂತಿ ತೆಗೆಯುವುದು, ಕೊಂಬಿನ ಕ್ಯಾನ್ಸರ್, ಮೊಲೆಯ ಗಾಯ, ಮುರಿದ ಮೂಳೆ, ಎಷ್ಟು ಸಲ ಇಂಜೆಕ್ಷನ್ ಕೊಡಿಸಿದರೂ ಗಬ್ಬ ನಿಲ್ಲದ ದನ ಇವೆಲ್ಲ ಅಲ್ಲಿನ ದಿನನಿತ್ಯದ ಕೆಲಸ. ಐದೂವರೆ ವರ್ಷದ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಕೈಯಾರೆ ಚಿಕಿತ್ಸೆ ಕಲಿಯಬೇಕು. ನಿಮ್ಮ ದನವೇ ಅವರಿಗೆ ಪಾಠ. ನಾಳೆ ನಿಮ್ಮ ಊರಿಗೆ ಬರುವ ಡಾಕ್ಟರು ಇಂದು ಅಲ್ಲಿ ಕಲಿಯುತ್ತಿರುವ ಹುಡುಗ ಅಥವಾ ಹುಡುಗಿ ಎಂಬುದನ್ನು ಮರೆಯಬಾರದು.

ಹಾಗಾದರೆ ಸೀಕು ಬಂದ ದನವನ್ನೆಲ್ಲ ಟೆಂಪೋ ಹತ್ತಿಸಬೇಕೇ? ಖಂಡಿತ ಬೇಡ. ಕರು ಅಡ್ಡ ಸಿಕ್ಕಿಕೊಂಡ ದನವನ್ನು ಆಗುಂಬೆಯ ತಿರುವುಗಳಲ್ಲಿ ಕುಲುಕಿಸಿಕೊಂಡು ಹೋದರೆ ತಾಯಿಯೂ ಉಳಿಯದು, ಕರುವೂ ಉಳಿಯದು. ನೀರುಚೀಲ ಒಡೆದು ಎರಡು ಗಂಟೆಯಾದರೂ ಹೆರಿಗೆ ಮುಂದುವರಿಯದಿದ್ದರೆ ಕೂಡಲೇ ಸಮೀಪದ ಪಶು ಆಸ್ಪತ್ರೆಗೆ ತಿಳಿಸಿ, ಅಥವಾ 1962ಕ್ಕೆ ಫೋನ್ ಮಾಡಿ ಸಂಚಾರಿ ಚಿಕಿತ್ಸಾಲಯವನ್ನು ಕರೆಸಿ. ಹೊಟ್ಟೆ ಉಬ್ಬರ, ಹಾಲುಜ್ವರಗಳಿಗೂ ಇದೇ ಮಾತು. ಗಂಟೆಗಳ ಲೆಕ್ಕದಲ್ಲಿ ಜೀವ ಹೋಗುವ ಕಾಯಿಲೆಗೆ ಊರಿನ ಡಾಕ್ಟರೇ ದೇವರು.

ದೊಡ್ಡಾಸ್ಪತ್ರೆ ಬೇಕಾಗುವುದು ದಿನಗಳ ಲೆಕ್ಕದ ಕಾಯಿಲೆಗೆ. ನಾವು ತಪ್ಪುವುದೂ ಅಲ್ಲಿಯೇ. ಒಂದು ಉದಾಹರಣೆ ನೋಡಿ. ದನ ಅಕ್ಕಚ್ಚು ಮುಟ್ಟುವುದಿಲ್ಲ, ಮೆಲುಕು ಹಾಕುವುದಿಲ್ಲ, ಮುಂಗಾಲು ಅಗಲಿಸಿ ನಿಲ್ಲುತ್ತದೆ, ಇಳಿಜಾರಿನಲ್ಲಿ ನರಳುತ್ತದೆ. ಮೇವಿನೊಂದಿಗೆ ಮೊಳೆಯೋ ತಂತಿಯೋ ಹೊಟ್ಟೆ ಸೇರಿರಬಹುದು. ಡಾಕ್ಟರರ ಮದ್ದಿಗೆ ಎರಡು ಮೂರು ದಿನದಲ್ಲಿ ಗುಣ ಕಾಣದಿದ್ದರೆ ಆಗಲೇ ಹೊರಡಿಸಬೇಕು. ನಾವೋ, ಹದಿನೈದು ದಿನ ಕಷಾಯ ಕುಡಿಸಿ, ಹರಕೆ ಹೊತ್ತು, ಗಂಗೆದೊಗಲಿಗೆ ನೀರಿಳಿದು ಬಾತ ಮೇಲೆ ವಾಹನ ಹುಡುಕುತ್ತೇವೆ. ಅಷ್ಟರಲ್ಲಿ ತಂತಿ ಹೃದಯದ ಚೀಲ ಮುಟ್ಟಿರುತ್ತದೆ. ಆಮೇಲೆ ಎಂಥ ಪ್ರಾಧ್ಯಾಪಕರೂ ಏನು ಮಾಡಿಯಾರು? ದನವೂ ಹೋಯಿತು, ಬಾಡಿಗೆಯೂ ಹೋಯಿತು.

ಇನ್ನೊಂದು ಮಾತು. ಎಷ್ಟೋ ಸಲ ದನ ಹೋಗಬೇಕಾಗಿಲ್ಲ, ಸ್ಯಾಂಪಲ್ ಹೋದರೆ ಸಾಕು. ದನದ ಮೂತ್ರ ಕೆಂಪಾಯಿತೆನ್ನಿ. ಉಣುಗು ಕಚ್ಚಿದ ಜ್ವರದಿಂದಲೂ ಕೆಂಪಾಗುತ್ತದೆ, ಕರು ಹಾಕಿದ ಮೇಲೆ ರಂಜಕ ಕಡಿಮೆಯಾದರೂ ಆಗುತ್ತದೆ, ಇಲಿಜ್ವರದಿಂದಲೂ ಆಗುತ್ತದೆ. ನೋಡಲು ಒಂದೇ, ಮದ್ದು ಬೇರೆ ಬೇರೆ. ಕಿವಿಯ ನರದಿಂದ ತೆಗೆದ ಒಂದು ಹನಿ ರಕ್ತ ಗಾಜಿನ ಮೇಲಿದ್ದರೆ ಉಣುಗಿನ ಜ್ವರವೋ ಅಲ್ಲವೋ ತಿಳಿಯುತ್ತದೆ. ಕೆಚ್ಚಲು ಬಾವು ಮತ್ತೆ ಮತ್ತೆ ಬರುತ್ತಿದ್ದರೆ, ಇಂಜೆಕ್ಷನ್ ಚುಚ್ಚಿಸುವ ಮೊದಲೇ ಹಾಲಿನ ಸ್ಯಾಂಪಲ್ ತೆಗೆಯಬೇಕು. ಮೊಲೆ ತೊಳೆದು ಒರೆಸಿ, ತುದಿಗೆ ಸ್ಪಿರಿಟ್ ಹಚ್ಚಿ, ಮೊದಲ ಧಾರೆ ಚೆಲ್ಲಿ, ಆಸ್ಪತ್ರೆಯವರು ಕೊಟ್ಟ ಶುದ್ಧ ಬಾಟಲಿಯಲ್ಲಿ ಹಿಡಿದು ಮಂಜುಗಡ್ಡೆಯಲ್ಲಿಡಿ. ಯಾವ ಮದ್ದಿಗೆ ಕ್ರಿಮಿ ಸಾಯುತ್ತದೆಂದು ಪ್ರಯೋಗಾಲಯ ಹೇಳುತ್ತದೆ. ಕಂದು ಹಾಕಿದ ದನದ ಸತ್ತ ಕರುವನ್ನು, ಮಾಸನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ. ಬ್ರುಸೆಲ್ಲಾ ರೋಗ ಮನುಷ್ಯರಿಗೂ ಅಂಟುತ್ತದೆ. ಅದನ್ನು ಡಾಕ್ಟರರೇ ತೆಗೆಯಲಿ.

ದನವನ್ನೇ ಒಯ್ಯಬೇಕಾದಾಗ ಊರಿನ ಡಾಕ್ಟರರ ಚೀಟಿ ಮರೆಯದಿರಿ. ಯಾವ ದಿನ ಯಾವ ಮದ್ದು ಕೊಟ್ಟರೆಂಬುದು ಅದರಲ್ಲಿರಲಿ. ದಾರಿಯಲ್ಲಿ ವಾಹನ ತಡೆದು ಕೇಳುವವರಿಗೆ ತೋರಿಸಲೂ ಆ ಕಾಗದ ಬೇಕು. ಮೊದಲೇ ಫೋನ್ ಮಾಡಿ ವೇಳೆ, ಶುಲ್ಕ ಕೇಳಿಕೊಳ್ಳಿ. ಟೆಂಪೋದಲ್ಲಿ ದಪ್ಪಕ್ಕೆ ಬೈಹುಲ್ಲು ಹಾಸಿ, ನಡುವೆ ನೀರು ಕುಡಿಸಿ, ಬೆಳಗಿನ ಹೊತ್ತು ತಲುಪುವಂತೆ ಹೊರಡಿ. ದನದ ದಿನಚರಿ ಬಲ್ಲವರೇ ಜೊತೆಗೆ ಹೋಗಲಿ. ಹಾಲು ಕರೆಯುವವಳು ಮನೆಯಾಕೆಯಾದರೆ ಡಾಕ್ಟರರ ಪ್ರಶ್ನೆಗೆ ಉತ್ತರ ಗೊತ್ತಿರುವುದು ಆಕೆಗೆ, ಯಜಮಾನನಿಗಲ್ಲ.

ಒಂದೇ ದನ ಸಾಕಿ ಸೊಸೈಟಿಗೆ ಹಾಲು ಹಾಕಿ ಸಂಸಾರ ತೂಗಿಸುವವರಿಗೆ ಘಟ್ಟದ ಮೇಲಿನ ಬಾಡಿಗೆ ಹೊರೆಯೇ ಸರಿ. ಇಲ್ಲಿ ಹಾಲು ಉತ್ಪಾದಕರ ಸಂಘಗಳು ಮನಸ್ಸು ಮಾಡಬೇಕು. ನಾಲ್ಕಾರು ಸಂಘಗಳು ಸೇರಿ ಸ್ವಲ್ಪ ಸ್ವಲ್ಪ ಹಣ ತೆಗೆದಿಟ್ಟರೆ ಕಷ್ಟಕಾಲದ ಬಾಡಿಗೆಗಾಯಿತು. ವಾಸಿಯಾಗದ ದನಗಳ ಪಟ್ಟಿ ಮಾಡಿ, ಕಾಪುವಿನಲ್ಲೋ ಕಾರ್ಕಳದಲ್ಲೋ ಶಿಬಿರ ನಡೆಸಿಕೊಡುವಂತೆ ಕಾಲೇಜಿಗೂ ಪಶುಪಾಲನಾ ಇಲಾಖೆಗೂ ಬರೆಯಲಿ. ಒಂದೊಂದು ದನ ಘಟ್ಟ ಹತ್ತುವುದಕ್ಕಿಂತ ನಾಲ್ಕು ಮಂದಿ ತಜ್ಞರು ಘಟ್ಟ ಇಳಿಯುವುದು ಸುಲಭ. ಬರುವ ವಿದ್ಯಾರ್ಥಿಗಳಿಗೂ ಕರಾವಳಿಯ ದನ, ಕೋಣಗಳ ಕಾಯಿಲೆ ಕಂಡಂತಾಗುತ್ತದೆ.

ಮುಂದಿನ ಮಾಸಿಕ ಸಭೆಯಲ್ಲಿ ಈ ವಿಷಯವನ್ನು ನೀವೇ ಎತ್ತಿರಿ. ಮಳೆಗಾಲ ಹಿಡಿದು ಘಾಟಿ ರಸ್ತೆ ಕೆಡುವ ಮೊದಲೇ ಎತ್ತಿರಿ.