ಬೆಸ್ಟ್ ಕಾಫಿ ಎಲ್ಲಿ ಅಂತ ಕೇಳಬೇಡಿ ಸ್ವಾಮಿ, ಮೇಜು ಎಲ್ಲಿದೆ ಅಂತ ಕೇಳಿ!

"ವಿಯೆನ್ನಾಗೆ ಹೋಗ್ತಿದೀನಿ ಕಣೋ, ಅಲ್ಲಿ ಬೆಸ್ಟ್ ಕಾಫಿ ಶಾಪ್ ಯಾವ್ದು?"

ಆಫೀಸಿನ ಕೆಲಸದ ಮೇಲೆ ಎರಡು ಸಲ ಆ ಊರಲ್ಲಿ ವಾರಗಟ್ಟಲೆ ಇದ್ದು ಬಂದ ಮೇಲೆ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ತಮಾಷೆ ಏನಪ್ಪಾ ಅಂದ್ರೆ, ಕೇಳೋರು ಉತ್ತರ ಜೇಬಲ್ಲೇ ಇಟ್ಕೊಂಡು ಕೇಳ್ತಾರೆ. ಫೋನಿನಲ್ಲಿ ಒಂದು ಪಟ್ಟಿ ಇರುತ್ತೆ. ಸೆಂಟ್ರಾಲ್, ಸಾಹರ್, ಡೇಮೆಲ್, ಲಾಂಟ್‌ಮನ್... ನಾನು ಹೂಂ ಅನ್ಬೇಕು ಅಷ್ಟೆ. ನಾನು ಊಹೂಂ ಅಂತೀನಿ. ಯಾಕೆ ಅಂತ ಪ್ರತಿಯೊಬ್ಬರಿಗೂ ಬಿಡಿಸಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಒಂದೇ ಸಲ ಇಲ್ಲಿ ಬರೆದು ಕೈ ತೊಳ್ಕೊಳ್ತೀನಿ.

ವಾದ ಏನು ಅಂತ ಮೊದಲೇ ಹೇಳಿಬಿಡ್ತೀನಿ. ವಿಯೆನ್ನಾದ ಹಳೇ ಕಾಫಿಹೌಸ್‌ಗಳ ವಿಷಯದಲ್ಲಿ "ಬೆಸ್ಟ್ ಯಾವುದು" ಅನ್ನೋ ಪ್ರಶ್ನೆಯೇ ತಪ್ಪು. ಬರೀ ತಪ್ಪಾಗಿದ್ರೆ ಸುಮ್ನಿರ್ತಿದ್ದೆ. ಆ ಪ್ರಶ್ನೆ ಹಿಡ್ಕೊಂಡು ಊರೂರಿಂದ ಹೋಗೋರು, ತಾವು ನೋಡೋಕೆ ಹೋದದ್ದನ್ನೇ ಹಾಳು ಮಾಡ್ತಿದಾರೆ.

ಮೊದಲು ಕಾಫೆ ಸೆಂಟ್ರಾಲ್ ಮುಂದಿನ ಕ್ಯೂ ವಿಷಯಕ್ಕೆ ಬರೋಣ. ಊರ ನಡುವೆ ಫೆರ್ಸ್ಟೆಲ್ ಅರಮನೆ ಅನ್ನೋ ಕಟ್ಟಡದಲ್ಲಿದೆ ಇದು. ತಿರುಪತಿಯ ಧರ್ಮದರ್ಶನ ನೆನಪಾಗೋ ಹಾಗೆ ಬಾಗಿಲಾಚೆ ಸಾಲು ನಿಂತಿರುತ್ತೆ. ಒಳಗೆ ಕಂಬಗಳು, ಕಮಾನುಗಳು, ಎತ್ತರದ ಛಾವಣಿ. ಚೆನ್ನಾಗಿದೆ, ಸುಳ್ಳು ಹೇಳಲ್ಲ. 1876ರಲ್ಲಿ ಶುರುವಾದದ್ದು. ರಷ್ಯಾದ ಟ್ರಾಟ್‌ಸ್ಕಿ ದೇಶ ಬಿಟ್ಟು ಬಂದಿದ್ದಾಗ ಇಲ್ಲಿ ಕೂತು ಚೆಸ್ ಆಡ್ತಿದ್ದ. ಪೀಟರ್ ಆಲ್ಟೆನ್‌ಬರ್ಗ್ ಅನ್ನೋ ಲೇಖಕ ತನ್ನ ಅಂಚೆಯನ್ನೂ ಇಲ್ಲಿಗೇ ತರಿಸ್ಕೊಳ್ತಿದ್ದ. ಅವನ ಬೊಂಬೆಯೊಂದನ್ನ ಬಾಗಿಲ ಹತ್ತಿರವೇ ಕೂರಿಸಿದಾರೆ, ಅದರ ಪಕ್ಕ ಫೋಟೋ ಹೊಡ್ಸಿಕೊಳ್ಳೋದು ಒಂದು ಸೇವೆ.

ಆದ್ರೆ ಆ ಪಟ್ಟಿಗಳು ಹೇಳದ ಮಾತೊಂದಿದೆ. ಎರಡನೇ ಮಹಾಯುದ್ಧದ ಕೊನೆಗೆ ಸೆಂಟ್ರಾಲ್ ಮುಚ್ಚಿಹೋಯ್ತು. 1975ರಲ್ಲಿ ಮತ್ತೆ ತೆರೆದದ್ದು ಅದೇ ಕಟ್ಟಡದ ಬೇರೆ ಭಾಗದಲ್ಲಿ. ಅಂದ್ರೆ "ಟ್ರಾಟ್‌ಸ್ಕಿ ಕೂತಿದ್ದ ಜಾಗ" ಅಂತ ನೀವು ಸೆಲ್ಫಿ ತೆಗೆಯೋ ಮೂಲೆ ಟ್ರಾಟ್‌ಸ್ಕಿ ಕಾಲದ ಕಾಫಿಹೌಸೇ ಅಲ್ಲ! ಅದಿರಲಿ ಬಿಡಿ. ನನ್ನ ತಕರಾರು ಕಟ್ಟಡದ ಬಗ್ಗೆ ಅಲ್ಲ. ಆಲ್ಟೆನ್‌ಬರ್ಗ್ ಆ ಜಾಗವನ್ನ ಮನೆ ಮಾಡ್ಕೊಂಡಿದ್ದು ಯಾಕೆ? ಅಲ್ಲಿ ಅವನನ್ನ ಯಾರೂ ಎಬ್ಬಿಸ್ತಿರಲಿಲ್ಲ, ಅದಕ್ಕೆ. ಇವತ್ತು ಬಾಗಿಲಾಚೆ ಐವತ್ತು ಜನ ನಿಂತು ನಿಮ್ಮ ಬಟ್ಟಲು ಯಾವಾಗ ಖಾಲಿಯಾಗುತ್ತೆ ಅಂತ ಕಾಯ್ತಿರುವಾಗ ನೀವು ನಾಲ್ಕು ಗಂಟೆ ಕೂರ್ತೀರಾ? ಮನಸ್ಸು ಬರುತ್ತಾ?

ಇಲ್ಲೇ ಇರೋದು ಇಡೀ ವಿಷಯ. ವಿಯೆನ್ನಾದ ಕಾಫಿಹೌಸ್‌ನಲ್ಲಿ ಕಾಫಿ ಅನ್ನೋದು ಮಾರೋ ವಸ್ತು ಅಲ್ಲ, ಮೇಜಿನ ಬಾಡಿಗೆ. ಒಂದು ಕಾಫಿ ಹೇಳಿದ್ರೆ ಒಂದು ಸಣ್ಣ ತಟ್ಟೆ ಬರುತ್ತೆ, ಅದರಲ್ಲಿ ಕಾಫಿ, ಪಕ್ಕದಲ್ಲಿ ಒಂದು ಲೋಟ ನೀರು. ಆ ನೀರೂ ಸುಮ್ನೆ ಅಲ್ಲ, ಆಲ್ಪ್ಸ್ ಬೆಟ್ಟದ ಒರತೆಯಿಂದ ಕೊಳವೆಯಲ್ಲಿ ಊರಿಗೆ ಹರಿದು ಬರೋದು, 1873ರಿಂದ. ಮರದ ಚೌಕಟ್ಟಿಗೆ ಸಿಕ್ಕಿಸಿದ ದಿನಪತ್ರಿಕೆಗಳು ಇರುತ್ತವೆ, ಎತ್ಕೊಂಡು ಓದಬಹುದು. ನೀವು ಕೇಳೋ ತನಕ ಬಿಲ್ ಬರಲ್ಲ. ಒಂದೇ ಕಾಫಿಗೆ ಅರ್ಧ ದಿನ ಕೂತ್ರೂ ಯಾರೂ ಬಂದು "ಇನ್ನೇನಾದ್ರೂ ಬೇಕಾ ಸಾರ್" ಅಂತ ಕತ್ತಿನ ಮೇಲೆ ಕೂರಲ್ಲ. ಇದನ್ನ ಆಸ್ಟ್ರಿಯಾ 2011ರಲ್ಲಿ ಯುನೆಸ್ಕೋ ಒಪ್ಪಂದದಡಿಯ ತನ್ನ ಸಾಂಸ್ಕೃತಿಕ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ಗಮನಿಸಿ, ಪಟ್ಟಿಗೆ ಸೇರಿದ್ದು ಕಾಫಿ ಅಲ್ಲ, ಕಾಫಿಹೌಸ್ ಸಂಸ್ಕೃತಿ!

ಈಗ ಇದನ್ನ ರೇಟಿಂಗ್ ಹಾಕಿ ಅಳೀರಿ ನೋಡೋಣ. ನಾನೂ ನಿಮ್ಮ ಹಾಗೇ ಕೋಡ್ ಬರೆದು ಹೊಟ್ಟೆ ಹೊರೆಯೋನು. ನಮ್ಮ ಕಸುಬಿನಲ್ಲಿ ಒಂದು ಮಾತು ಎಲ್ಲರಿಗೂ ಗೊತ್ತು. ಸಾರ್ಟ್ ಎಷ್ಟೇ ಚೆನ್ನಾಗಿ ಬರೆದ್ರೂ, ಯಾವ ಕಾಲಂ ಮೇಲೆ ಸಾರ್ಟ್ ಮಾಡ್ತಿದೀವಿ ಅನ್ನೋದೇ ತಪ್ಪಾದ್ರೆ ಬರೋ ಉತ್ತರ ಕಸ. ಕಾಫಿಹೌಸ್‌ಗೆ ನಕ್ಷತ್ರ ಕೊಡೋರು ಯಾರು? ಹೆಚ್ಚಿನವರು ಒಂದೇ ಸಲ ಹೋಗಿ, ಅರ್ಧ ಗಂಟೆ ಕೂತು, ಕೇಕ್ ತಿಂದು ಬಂದೋರು. ಇಪ್ಪತ್ತು ವರ್ಷದಿಂದ ಅದೇ ಕಿಟಕಿ ಪಕ್ಕ ಕೂತು ಪೇಪರ್ ಓದೋ ಅಜ್ಜ ಫೋನ್ ತೆಗೆದು ಐದು ನಕ್ಷತ್ರ ಒತ್ತೋದಿಲ್ಲ. ಅವನ ಪಾಲಿಗೆ ಅದು ನಿತ್ಯದ ಜಾಗ, ರಿವ್ಯೂ ಬರೆಯೋ ಸಂಗತಿಯೇ ಅಲ್ಲ. ಅಂದ್ರೆ ಆ ಜಾಗ ಗೊತ್ತಿರೋನ ಮತ ಲೆಕ್ಕಕ್ಕೇ ಬರಲ್ಲ. "ವೇಟರ್ ನಗಲಿಲ್ಲ" ಅಂತ ಒಂದು ನಕ್ಷತ್ರ ಕೊಟ್ಟೋನ ಮತ ಎಣಿಕೆಗೆ ಬರುತ್ತೆ! ಅಯ್ಯಾ, ಕಪ್ಪು ಕೋಟು ಹಾಕಿರೋ ಆ "ಹೆರ್ ಓಬರ್"ನ ಸಿಡುಕು ಮುಖಕ್ಕೂ ಆ ಊರಲ್ಲಿ ಒಂದು ಪರಂಪರೆ ಇದೆ. ಉಡುಪಿ ಹೋಟೆಲಿನ ಹಳೇ ಮಾಣಿ ನಿಮ್ಮನ್ನ ನೋಡಿ ಹಲ್ಲು ಕಿರಿದಿದ್ದನಾ ಯಾವತ್ತಾದ್ರೂ?

ಇನ್ನು ನಮ್ಮೋರದೇ ಒಂದು ಪಂಗಡ ಇದೆ. "ಏನೇ ಹೇಳಿ, ನಮ್ಮ ಫಿಲ್ಟರ್ ಕಾಫಿ ಮುಂದೆ ಅವೆಲ್ಲ ನೀರು" ಪಂಗಡ. ಯಾವ ದೇಶಕ್ಕೆ ಹೋಗಿ ಬಂದ್ರೂ ಇವರ ಪ್ರವಾಸ ಕಥನದ ಕೊನೇ ಸಾಲು ಇದೇ. ನನಗೂ ಡಿಕಾಕ್ಷನ್ ಅಂದ್ರೆ ಪ್ರಾಣ, ಬೆಳಿಗ್ಗೆ ಅದಿಲ್ದೆ ಕಣ್ಣು ಬಿಡಲ್ಲ. ಆದ್ರೆ ಹೋಲಿಕೆ ಮಾಡೋಕೂ ಒಂದು ಲೆಕ್ಕ ಬೇಕಲ್ವಾ? ನಮ್ಮ ದರ್ಶಿನಿ ನಿಂತ್ಕೊಂಡು ಐದು ನಿಮಿಷದಲ್ಲಿ ಬಿಸಿಬಿಸಿ ಕುಡಿದು ಬಸ್ ಹತ್ತೋಕೆ ಹುಟ್ಟಿದ್ದು. ಅದರ ಜಾಣತನವೇ ಅದು. ಅವರ ಕಾಫಿಹೌಸ್ ಕೂರೋಕೆ ಹುಟ್ಟಿದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕೋದು ಬಸ್ ಸ್ಟಾಂಡಿಗೂ ಲೈಬ್ರರಿಗೂ ಸ್ಪರ್ಧೆ ಇಟ್ಟ ಹಾಗೆ. ಅಷ್ಟಕ್ಕೂ, ಭಾರತದ ಕಾಫಿಯಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಬೆಳೆಯೋದು ಕರ್ನಾಟಕದಲ್ಲಿ. ಅದನ್ನ ಹೆಚ್ಚಾಗಿ ಕೊಳ್ಳೋ ದೇಶಗಳಲ್ಲಿ ಇಟಲಿ ಮುಂದಿದೆ. ಯೂರೋಪಿನ ಎಷ್ಟೋ ಎಸ್‌ಪ್ರೆಸ್ಸೊಗಳಲ್ಲಿ ನಮ್ಮ ಕೊಡಗು, ಚಿಕ್ಕಮಗಳೂರಿನ ಬೀಜವೂ ಬೆರೆತಿರುತ್ತೆ. ಬೈಯ್ಯೋ ಮುಂಚೆ ಸ್ವಲ್ಪ ಯೋಚ್ನೆ ಮಾಡಿ :-)

ಒಂದು ಸ್ವಾರಸ್ಯ ಕೇಳಿ. ನಮಗೆ ಬಾಬಾ ಬುಡನ್ ಅವರ ಏಳು ಬೀಜದ ಕಥೆ ಇದ್ದ ಹಾಗೆ, ಅವರಿಗೂ ಒಂದು ಕಥೆ ಇದೆ. 1683ರಲ್ಲಿ ತುರ್ಕರು ಮುತ್ತಿಗೆ ಬಿಟ್ಟು ಓಡಿದಾಗ ಉಳಿದ ಮೂಟೆಗಳನ್ನ ಕೊಲ್ಶಿಟ್ಸ್‌ಕಿ ಅನ್ನೋನು ತಗೊಂಡು ಮೊದಲ ಕಾಫಿಹೌಸ್ ಇಟ್ಟನಂತೆ. ಅವನ ಪ್ರತಿಮೆಯೂ ಇದೆ. ಆದ್ರೆ ದಾಖಲೆ ಹೇಳೋದೇ ಬೇರೆ. 1685ರಲ್ಲಿ ಕಾಫಿ ಮಾರೋ ಪರವಾನಗಿ ಸಿಕ್ಕಿದ್ದು ಯೊಹಾನ್ನೆಸ್ ಡಿಯೋಡಾಟೊ ಅನ್ನೋ ಅರ್ಮೇನಿಯಾದ ವ್ಯಾಪಾರಿಗೆ. ಪಟ್ಟಿ ಮಾಡೋರಿಗೆ ಅಂದೂ ಇಂದೂ ಒಳ್ಳೇ ಕಥೆ ಸಾಕು, ನಿಜ ಬೇಡ.

ಮೂರನೇ ಪಂಗಡ ಹೊಸಬರದ್ದು. "ಆ ಹಳೇ ಜಾಗಗಳಲ್ಲಿ ಕಾಫಿ ಚೆನ್ನಾಗಿಲ್ಲ, ಜಾಸ್ತಿ ಹುರಿದಿರ್ತಾರೆ" ಅನ್ನೋರು. ಇವರ ಮಾತಲ್ಲಿ ಹುರುಳಿದೆ. ಬಟ್ಟಲಿನ ಒಳಗಿರೋ ದ್ರವವೇ ನಿಮಗೆ ಮುಖ್ಯ, ಯಾವ ಎಸ್ಟೇಟು, ಯಾವ ಹದ ಅಂತ ತಿಳ್ಕೋಬೇಕು ಅಂದ್ರೆ ಶೊಟ್ಟೆನ್‌ಟೋರ್ ಟ್ರಾಮ್ ನಿಲ್ದಾಣದ ಹತ್ತಿರ ಯೋನಾಸ್ ರೈಂಡ್ಲ್‌ನಂಥ ಹೊಸಕಾಲದ ಅಂಗಡಿಗಳಿವೆ. ಧಾರಾಳವಾಗಿ ಹೋಗಿ. ಆದ್ರೆ ಅಲ್ಲಿಂದ ಎದ್ದು ಬಂದು ಹಳೇ ಕಾಫಿಹೌಸಿಗೆ ಸೊನ್ನೆ ಹಾಕ್ಬೇಡಿ. ಲೈಬ್ರರಿಯ ಕುರ್ಚಿಗೆ ಮೆತ್ತೆ ಇಲ್ಲ ಅಂತ ಪುಸ್ತಕಗಳಿಗೆ ಸೊನ್ನೆ ಹಾಕ್ತೀವಾ?

"ಒಂದು ಕಾಫಿ ವಿಷಯಕ್ಕೆ ಇಷ್ಟು ಯಾಕೆ ಕೂಗಾಡ್ತೀಯ" ಅಂತೀರಾ? ಹೇಳ್ತೀನಿ. ಈ ಕಾಫಿಹೌಸ್‌ಗಳು ಕಲ್ಲಿನ ಹಾಗೆ ನಿಂತಿರೋವು ಅಲ್ಲ, ಈಗಾಗಲೇ ಎರಡು ಸಲ ಸತ್ತು ಬದುಕಿವೆ. 1938ರಲ್ಲಿ ನಾಜಿಗಳು ಬಂದಾಗ ಆ ಮೇಜುಗಳ ಸುತ್ತ ಇದ್ದ ಯಹೂದಿ ಲೇಖಕರು, ಕಲಾವಿದರು, ಎಷ್ಟೋ ಮಾಲೀಕರು ಓಡಿಹೋದ್ರು ಇಲ್ಲವೇ ಕೊಲೆಯಾದ್ರು. ನಗೆನಾಟಕದ ಫ್ರಿಟ್ಸ್ ಗ್ರೂನ್‌ಬೌಮ್ 1941ರಲ್ಲಿ ಡಾಖಾವ್ ಶಿಬಿರದಲ್ಲಿ ಸತ್ತ. ಒಂದು ಕಾಫಿ ದುಡ್ಡಿಗೆ ಯಾರು ಬೇಕಾದ್ರೂ ಸೇರಬಹುದಾದ ಕ್ಲಬ್ಬು ಇದು ಅಂತ ಬರೆದ ಸ್ಟೀಫನ್ ಜ್ವೈಗ್ 1942ರಲ್ಲಿ ದೂರದ ಬ್ರೆಜಿಲ್‌ನಲ್ಲಿ ಜೀವ ತೆಗೆದುಕೊಂಡ. ಆಮೇಲೆ 1950ರ ದಶಕದಲ್ಲಿ ಟೀವಿ ಬಂತು, ನಿಂತು ಕುಡಿಯೋ ಎಸ್‌ಪ್ರೆಸ್ಸೊ ಬಾರ್‌ಗಳು ಬಂದವು, ಒಂದೊಂದಾಗಿ ಬಾಗಿಲು ಮುಚ್ಚಿದವು. ಅದನ್ನ ಅಲ್ಲಿಯವರು "ಕಾಫಿಹೌಸ್ ಸಾವು" ಅಂತಲೇ ಕರೀತಾರೆ. ಮೊನ್ನೆ ಮೊನ್ನೆ 2017ರಲ್ಲಿ ಗ್ರೀನ್‌ಸ್ಟೈಡ್ಲ್ ಮುಚ್ಚಿತು.

ಈಗ ಬಂದಿರೋದು ಮೂರನೇ ಕಂಟಕ, ಅದು ನಾವೇ. ಕ್ಯೂ ನಿಂತ ಕಡೆ ಮಾಲೀಕನಿಗೆ ಮೇಜು ಬೇಗ ಖಾಲಿ ಆಗ್ಬೇಕು. ಬೇಗ ಖಾಲಿ ಆಗ್ಬೇಕು ಅಂದ್ರೆ ಪೇಪರ್ ಓದೋ ಅಜ್ಜ ನಷ್ಟದ ಬಾಬತ್ತು. ಅಜ್ಜ ಹೋದ ಮೇಲೆ ಉಳಿಯೋದು ಕಂಬ, ಕನ್ನಡಿ, ಕೇಕು, ಒಂದು ಫೋಟೋ ಸ್ಟುಡಿಯೋ. ನಮಗಿದು ಹೊಸದಲ್ಲ. ಬೆಂಗಳೂರಿನ ಎಂ.ಜಿ. ರೋಡಿನ ಕಾಫಿಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋದದ್ದನ್ನ ನಮ್ಮಪ್ಪ ಇವತ್ತಿಗೂ ಮನೆ ಕಳ್ಕೊಂಡೋರ ಹಾಗೆ ಹೇಳ್ತಾರೆ. ಈಗಿನ ಸ್ಥಿತಿ ನೋಡಿ. ಹೋದ ತಿಂಗಳು ನಮ್ಮೂರಿನ ಒಂದು ಹೊಸ ಕೆಫೆಯಲ್ಲಿ ದುಬಾರಿ ಕಾಫಿ ಕುಡೀತಾ ಕೂತಿದ್ದೆ, ಅರ್ಧ ಗಂಟೆಗೆ ಬಿಲ್ಲು ತಾನಾಗೇ ನಡ್ಕೊಂಡು ಬಂತು!

ಸರಿ, ಬೈದದ್ದಾಯ್ತು. ಹಾಗಾದ್ರೆ ಹುಡುಕೋದು ಹೇಗೆ? ನನ್ನ ದಾರಿ ಇದು.

ಕ್ಯೂ ಕಂಡ್ರೆ ಮುಂದೆ ನಡೀರಿ, ಎಷ್ಟೇ ಹೆಸರಿರಲಿ. ವಾರದ ದಿನ ಬೆಳಿಗ್ಗೆ ಹತ್ತರ ಮೇಲೆ ಹೋಗಿ. ಗಾಜಿನಿಂದ ಒಳಗೆ ಇಣುಕಿ, ಒಬ್ಬೊಬ್ಬರೇ ಕೂತಿರೋ ಜನ ಎಷ್ಟಿದಾರೆ ಎಣಿಸಿ. ಮಡಿಸಿದ ಪೇಪರು ಎಷ್ಟು ಓದಿ ಸವೆದಿದೆ ನೋಡಿ. ಮ್ಯೂಸಿಯಂಗಳ ಹಿಂದೆ ಗುಂಪೆನ್‌ಡಾರ್ಫರ್ ರಸ್ತೆಯಲ್ಲಿ ಶ್ಪೆರ್ಲ್ ಇದೆ, 1880ರದ್ದು. ಬಿಲಿಯರ್ಡ್ಸ್ ಮೇಜುಗಳು, ಹಳೇ ಸೋಫಾಗಳು. ಶ್ಟೂಬೆನ್‌ಟೋರ್ ಮೆಟ್ರೋ ಹತ್ತಿರ ಪ್ರೂಕೆಲ್ ಇದೆ, ಒಳಗೆಲ್ಲ 1950ರ ದಶಕದ ವಿನ್ಯಾಸ. ಸಂಜೆ ಆದ್ರೆ ಹಾವೆಲ್ಕಾ. 1939ರಲ್ಲಿ ಗಂಡಹೆಂಡಿರಿಬ್ಬರು ಶುರು ಮಾಡಿದ್ದು, ಯಜಮಾನರು 2011ರಲ್ಲಿ ನೂರು ದಾಟಿ ತೀರಿಕೊಂಡ್ರು. ಅಲ್ಲಿ ರಾತ್ರಿ ಎಂಟರ ಮೇಲೆ ಬುಖ್ಟೆಲ್ ಅನ್ನೋ ಬಿಸಿ ಸಿಹಿ ಬನ್ನು ತಿನ್ನಬೇಕು. ಇವೂ ಪಟ್ಟಿಗಳಲ್ಲಿ ಇವೆ, ನನಗೂ ಗೊತ್ತು. ಆದ್ರೆ ಹೊತ್ತು ನೋಡ್ಕೊಂಡು ಹೋದ್ರೆ ಇಲ್ಲಿ ಇನ್ನೂ ಕೂರಬಹುದು. ಅದೇ ನನ್ನ ಅಳತೆಗೋಲು.

ಹೋದ ಮೇಲೆ "ಒನ್ ಕಾಫಿ" ಅನ್ಬೇಡಿ, ಅದು ನಮ್ಮಲ್ಲಿ "ಒಂದು ಊಟದ ಸಾಮಾನು" ಅಂದ ಹಾಗೆ. ಹಾಲಿನ ನೊರೆಯದು ಬೇಕಾ, ಮೆಲಾಂಜ್. ಸಣ್ಣ ಬಟ್ಟಲಿನ ಗಟ್ಟಿ ಕಾಫಿ, ಪಕ್ಕದಲ್ಲಿ ಚೂರು ಹಾಲು ಬೇಕಾ, ಕ್ಲೈನರ್ ಬ್ರೌನರ್. ಗಾಜಿನ ಲೋಟದಲ್ಲಿ ಮೇಲೆ ಕ್ರೀಮ್ ಹಾಕಿದ್ದು ಐನ್‌ಶ್ಪೆನ್ನರ್. ಒಂಟಿ ಕುದುರೆ ಗಾಡಿಯ ಹೆಸರದು, ನಮ್ಮ ಜಟಕಾ ಅನ್ನಿ. ಗಾಡಿಯವನು ಚಳಿಯಲ್ಲಿ ಕಾಯುವಾಗ ಕ್ರೀಮಿನ ಕೆಳಗೆ ಕಾಫಿ ಬಿಸಿಯಾಗಿರ್ತಿತ್ತಂತೆ. ಐದಾರು ಯೂರೋ ಕೊಡ್ತೀರಿ. ಅದು ಕಾಫಿಗೆ ದುಬಾರಿ, ಮೂರು ಗಂಟೆಯ ಮೇಜಿಗೆ ಅಗ್ಗ.

"ನಮಗೆ ಇರೋದೇ ಎರಡು ದಿನ, ಮೂರು ಗಂಟೆ ಕೂರೋಕೆ ಆಗುತ್ತಾ" ಅಂತ ಕೇಳೋರಿದಾರೆ. ಎರಡೇ ದಿನ ಇದ್ದಾಗಲೇ ಅಲ್ವಾ ಒಂದೂವರೆ ಗಂಟೆ ಕ್ಯೂನಲ್ಲಿ ಕಳೆಯಬಾರದ್ದು! ಐದು ಕಡೆ ಓಡಾಡಿ ಐದು ಫೋಟೋ ತರೋ ಬದಲು ಒಂದು ಕಡೆ ಕೂತು ಎದ್ದು ಬನ್ನಿ.

ಕೊನೆಗೊಂದು ಮಾತು, ಬರೆಯೋ ಗೆಳೆಯರಿಗೆ. ನಮ್ಮ ಪ್ರವಾಸ ಕಥನಗಳಲ್ಲಿ "ನೋಡಲೇಬೇಕಾದ ಹತ್ತು" ಸಾಕು ಮಾಡೋಣ. ಇನ್ನೊಬ್ಬರ ಪಟ್ಟಿಯನ್ನ ಕನ್ನಡಕ್ಕಿಳಿಸಿದ್ರೆ ಆ ಕ್ಯೂಗೆ ಇನ್ನೂ ನಾಲ್ಕು ಜನ ಕನ್ನಡಿಗರನ್ನ ಸೇರಿಸ್ತೀವಿ, ಅಷ್ಟೆ. ನೀವು ನಿಜವಾಗಿ ಕೂತ ಒಂದೇ ಒಂದು ಮೇಜಿನ ಬಗ್ಗೆ ಬರೀರಿ. ವಿಯೆನ್ನಾದ್ದೇ ಆಗಬೇಕಿಲ್ಲ, ತೀರ್ಥಹಳ್ಳಿಯದ್ದಾದ್ರೂ ಸರಿ, ನಾನು ಓದ್ತೀನಿ.

ಒಪ್ಪದವರು ಜಗಳಕ್ಕೆ ಬನ್ನಿ, ನಾನು ರೆಡಿ. ಕಾಫಿ ನನ್ನದು :-)